ಹೆಸರು ಬರೆಯದ ಕೆಂಪು ಚಿತ್ರ

೧೯೭೪ರ ಆಗಸ್ಟ್ ೧೨, ಸೋಮವಾರ. ಆನಂದನಾಮ ಸಂವತ್ಸರದ ಪಂಚಾಂಗವನ್ನು ತೆರೆದು ಇನ್ನೊಮ್ಮೆ ನೋಡಿದ್ದೇನೆ: ಅದು ಶ್ರಾವಣದ ಕಡೆಯ ಸೋಮವಾರ. ಅದೇ ವಾರ ಅಮಾವಾಸ್ಯೆ, ಆಮೇಲೆ ಅಧಿಕ ಭಾದ್ರಪದ. ನನ್ನ ನೆನಪೂ ಇದನ್ನೇ ಹೇಳುತ್ತದೆ, ಏಕೆಂದರೆ ಆ ಮಧ್ಯಾಹ್ನ ನಾನು ಕೆಲಸಕ್ಕಿದ್ದ ಹುಡುಗರ ಮನೆಯ ಮೇಟ್ರನ್ ಶಾಂತಮ್ಮನವರು ಉಪವಾಸದಲ್ಲಿದ್ದರು. ಹುಡುಗರ ಮೇಲೆ ಎಂದಿಗಿಂತ ಹೆಚ್ಚು ರೇಗುತ್ತಿದ್ದರು. ಪಂಚಾಂಗವೂ ನೆನಪೂ ಹೀಗೆ ಒಂದಾದಾಗ ನನ್ನಂಥವನಿಗೆ ಒಂದು ಬಗೆಯ ನೆಮ್ಮದಿ. ನಲವತ್ತು ವರ್ಷ ಶಾಸನಗಳ ತೇದಿ ಹೊಂದಿಸುವುದರಲ್ಲಿ ಕಳೆದವನು ನಾನು. ತಿಥಿ ಮತ್ತು ವಾರ ಕೂಡಿ ಬರದಿದ್ದರೆ ಒಂದು ಸಾಲನ್ನೂ ನಂಬಿದವನಲ್ಲ. ಆದರೆ ನನ್ನ ಮನೆಯ ಗೋಡೆಯ ಮೇಲಿದ್ದ ಒಂದು ಕಾಗದವನ್ನು ಮಾತ್ರ ಯಾವ ತಾಳೆಯನ್ನೂ ನೋಡದೆ ನಂಬಿದ್ದೆ.

ಕಳೆದ ಜನವರಿಯಲ್ಲಿ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಡೆದು ಹೋಗುತ್ತಿದ್ದೆ. ಬಣ್ಣದ ಅಂಗಡಿಯೊಂದರಲ್ಲಿ ಯಾರೋ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದರು. ಪಕ್ಕದ ಮಳಿಗೆಯಲ್ಲಿ ಹತ್ತಿಕಾಳಿನ ಚೀಲಗಳು. ಆ ಎರಡು ವಾಸನೆಗಳು ಕೂಡಿದ ವಾಸನೆಯನ್ನು ಬೇರೆ ಊರಿನಲ್ಲಿ ನಾನು ಮೂಸಿದ್ದಿಲ್ಲ. ಅದು ಚಿತ್ರ ಬರೆಯುತ್ತಿದ್ದ ಖಾದರ್ ಮಾಸ್ತರರ ಅಟ್ಟದ ವಾಸನೆ. ಕಾಲುಗಳು ತಾವಾಗಿಯೇ ನಿಂತವು.

ನಾನು ಸಿರುಗುಪ್ಪದವನು. ಧಾರವಾಡದಲ್ಲಿ ಮನಃಶಾಸ್ತ್ರ ಓದಿ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ, ಬಳ್ಳಾರಿಯಲ್ಲಿ ಒಂದು ವರ್ಷದ ಸಂಶೋಧನಾ ಸಹಾಯಕನ ಹುದ್ದೆ. ತಪ್ಪು ಮಾಡಿ ಸಿಕ್ಕಿಬಿದ್ದ, ಇಲ್ಲವೇ ದಿಕ್ಕು ತಪ್ಪಿ ಬಂದ ಹುಡುಗರನ್ನು ವಿಚಾರಣೆ ಮುಗಿಯುವವರೆಗೆ ಇರಿಸಿಕೊಳ್ಳುವ ಒಂದು ಮನೆ ಅಲ್ಲಿತ್ತು. ಅದರ ಹೆಸರು ಇಲ್ಲಿ ಬೇಡ. ಹುಡುಗರೊಡನೆ ಮಾತಾಡಿ, ಅವರಿಂದ ಚಿತ್ರ ಬರೆಯಿಸಿ, ಅವರ ಮನಸ್ಸಿನ ಬಗ್ಗೆ ಅಭಿಪ್ರಾಯ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು ನನ್ನ ಕೆಲಸ. ನನಗೆ ಇಪ್ಪತ್ತೈದು ವರ್ಷ. ಚಿತ್ರ ನೋಡಿ ಮನಸ್ಸು ಓದಬಹುದೆಂದು ಪುಸ್ತಕಗಳು ಹೇಳಿದ್ದವು. ನಾನು ಪುಸ್ತಕಗಳನ್ನು ನಂಬುತ್ತಿದ್ದೆ.

ಚಿತ್ರ ಕಲಿಸಲು ವಾರಕ್ಕೆ ಎರಡು ದಿನ ಬರುತ್ತಿದ್ದವರು ಖಾದರ್ ಮಾಸ್ತರರು. ಮದ್ರಾಸಿನಲ್ಲಿ ಕಲೆ ಓದಿ ಬಂದವರು. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಬ್ರೂಸ್‌ಪೇಟೆಯ ಹತ್ತಿಕಾಳು ಶೆಟ್ಟರ ಮಳಿಗೆಯ ಮೇಲಿನ ಅಟ್ಟದಲ್ಲಿ ಅವರ ಸ್ವಂತ ಚಿತ್ರಗಳು ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದವು. ಅವುಗಳಲ್ಲಿ ಮನುಷ್ಯರಿಲ್ಲ, ಮರಗಳಿಲ್ಲ. ಬಣ್ಣದ ಮೇಲೆ ಬಣ್ಣ, ಒಂದರ ಅಂಚು ಇನ್ನೊಂದಕ್ಕೆ ತಾಗಿ ಕಂದಿದ ಜಾಗ, ಚಾಕುವಿನಿಂದ ಕೆರೆದ ಗೀರು, ಅಷ್ಟೆ. ನಾನು ಸಂಜೆ ಅಲ್ಲಿಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಬಾಡಿಗೆ ಕೇಳುವ ನೆವದಲ್ಲಿ ಮೇಲೆ ಬರುತ್ತಿದ್ದ ಶೆಟ್ಟರಿಗೆ ಆ ಚಿತ್ರಗಳನ್ನು ಕಂಡರೆ ದಿನವೂ ಹೊಸ ಸೋಜಿಗ.

“ಅಲ್ರೀ ಮಾಸ್ತರ, ಇದಕ್ಕ ಮ್ಯಾಲ ಯಾವುದು, ಕೆಳಗ ಯಾವುದು?”

“ನೀವು ನಿಂತ ಕಡಿ ಕೆಳಗ, ಶೆಟ್ರ.”

“ನಮ್ಮ ಮಳಿಗಿ ಬೋರ್ಡಿನ್ಯಾಗ ಹಿಂಗ ಏನರ ಬರದು ಇಟ್ಟೀರಿ ಮತ್ತ! ಗಿರಾಕಿ ಹತ್ತಿಕಾಳು ಕೇಳಾಕ ಬಂದಾಂವ ದವಾಖಾನಿ ಅಂತ ತಿಳಕಂಡು ಹೊಕ್ಕಾನು.”

ಶೆಟ್ಟರು ನಗುತ್ತ ಇಳಿದು ಹೋದ ಮೇಲೆ ನಾನೂ ಅದೇ ಪ್ರಶ್ನೆಯನ್ನು ಸ್ವಲ್ಪ ಓದಿದವನ ಮಾತಿನಲ್ಲಿ ಕೇಳುತ್ತಿದ್ದೆ: ಈ ಚಿತ್ರದ ಅರ್ಥವೇನು? ಮಾಸ್ತರರು ಬೀಡಿ ಹಚ್ಚಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಲ್ಲಿ ಕೋಟೆಯ ಗುಡ್ಡ ಬಿಸಿಲಿಗೆ ಕಾದು, ಬೂದಿ ಮತ್ತು ಕಂದಿನ ನಡುವಿನ ಯಾವುದೋ ಬಣ್ಣದಲ್ಲಿರುತ್ತಿತ್ತು.

“ಆ ಗುಡ್ಡದ ಅರ್ಥ ಏನ್ರಿ? ಹೇಳ್ರಿ ನೋಡೂಣು. ಹೇಳಾಕ ಬರಂಗಿಲ್ಲ. ಆದ್ರ ಹತ್ತು ವರ್ಷದಿಂದ ನೋಡಾಕತ್ತೀನಿ, ಇನ್ನೂ ಮುಗದಿಲ್ಲ. ಏನು ಅಂತ ಹೆಸರು ಇಟ್ಟ ಕೂಡಲೇ ನೋಡೂದು ನಿಂತುಬಿಡತೈತಿ. ಹೆಸರು ಇಡಬ್ಯಾಡ್ರಿ. ಸುಮ್ಮನ ಕುಂದರ್ರಿ.”

ನಾನು ಸುಮ್ಮನೆ ಕುಳಿತೆ. ಮೊದಲ ವಾರಗಳಲ್ಲಿ ಬೇಸರ, ಆಮೇಲೆ ಒಂದು ಸಂಜೆ, ಬೇಸರದ ಆಚೆ, ನೀಲಿಯ ಅಡಿಯಲ್ಲಿ ಒಂದು ಹಳದಿ ಇದ್ದು ಅದೇ ನೀಲಿಯನ್ನು ಮೇಲಕ್ಕೆತ್ತಿ ಹಿಡಿದಿದೆಯೆಂದು ಕಣ್ಣಿಗೆ ತಿಳಿಯಿತು. ಮನಸ್ಸಿಗಲ್ಲ, ಕಣ್ಣಿಗೆ. ಆ ಸಂತೋಷವನ್ನು ನಾನು ಇಂದಿಗೂ ಸುಳ್ಳೆನ್ನಲಾರೆ. ನಾಚಿಕೆಯ ಸಂಗತಿಯೆಂದರೆ, ಬಣ್ಣ ಬಳಿದ ಬಟ್ಟೆಗೆ ನಾನು ಕೊಟ್ಟ ಆ ತಾಳ್ಮೆಯನ್ನು ಅದೇ ತಿಂಗಳಲ್ಲಿ ಒಬ್ಬ ಹುಡುಗನಿಗೆ ಕೊಡಲಿಲ್ಲ.

ಅವನ ಹೆಸರನ್ನು ಈರಣ್ಣ ಎಂದು ಇಟ್ಟುಕೊಳ್ಳೋಣ. ಹತ್ತು ವರ್ಷ. ಬಾದನಹಟ್ಟಿಯ ಕಡೆಯವನು. ಕುರುಗೋಡು ಆಗ ತಾಲೂಕಾಗಿರಲಿಲ್ಲ. ಅವನ ಕಾಗದಗಳಲ್ಲಿ ಬಳ್ಳಾರಿ ತಾಲೂಕೆಂದೇ ಇತ್ತು. ಆ ವರ್ಷದ ನಾಗರಪಂಚಮಿ ಜುಲೈ ನಾಲ್ಕನೆಯ ವಾರದಲ್ಲಿ ಬಂದಿತ್ತು. ನಮ್ಮ ಕಡೆ ಪಂಚಮಿಯೆಂದರೆ ಉಂಡಿ ಮತ್ತು ಜೋಕಾಲಿ. ಊರ ಹೊರಗಿನ ಬಂಡೆಗಳ ನಡುವಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಈರಣ್ಣನಿಗೆ ಪಾಳಿ ಬರಲಿಲ್ಲ. ಹತ್ತಿರ ಹೋದಾಗಲೆಲ್ಲ ದೊಡ್ಡ ಹುಡುಗರು ತಳ್ಳಿ ಹಾಕಿದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಮರ ಹತ್ತಿ ಕುಡುಗೋಲಿನಿಂದ ಹಗ್ಗವನ್ನು ಅರ್ಧ ಕೊಯ್ದ. ಊಟ ಮುಗಿಸಿ ಮೊದಲು ಬಂದು ಕುಳಿತವನು ಅವನ ದೊಡ್ಡಪ್ಪನ ಮಗ ಬಸವ, ಎಂಟು ವರ್ಷದವನು. ಹಗ್ಗ ಹರಿದಾಗ ಜೋಕಾಲಿ ಬಂಡೆಯ ಕಡೆಗೆ ತೂಗಿತ್ತು.

ಹಗ್ಗ ಹರಿಯುವುದೆಂದು ಅವನಿಗೆ ಗೊತ್ತಿತ್ತೇ? ಕುಳಿತವರು ಬೀಳುವರೆಂದು ಗೊತ್ತಿತ್ತೇ? ಬಿದ್ದವರು ಸಾಯುವರೆಂದು? ಇವು ಬೇರೆ ಬೇರೆ ಪ್ರಶ್ನೆಗಳು. ಅವನು ತಾಯಿಯ ಬಳಿಗೆ ಮರಳುವನೋ, ದೂರದ ಊರಿನ ಬಾಲಾಪರಾಧಿಗಳ ಶಾಲೆಗೆ ಹೋಗಿ ದೊಡ್ಡವನಾಗುವವರೆಗೆ ಅಲ್ಲೇ ಇರುವನೋ ಎಂಬುದು ಅವುಗಳ ಉತ್ತರದ ಮೇಲೆ ನಿಂತಿತ್ತು. ನಾನು ಆ ಪ್ರಶ್ನೆಗಳನ್ನೆಲ್ಲ ಒಂದೇ ಬೆಳಿಗ್ಗೆ ಕೇಳಿದೆ.

“ಹಗ್ಗ ಕೊಯ್ದದ್ದು ನೀನೇನು?”

“ಹೂಂರಿ.”

“ಯಾಕೆ?”

“ಪಾಳಿ ಕೊಡಲಿಲ್ರಿ.”

“ಬಸವ ಬೀಳ್ತಾನೆ ಅಂತ ಗೊತ್ತಿತ್ತೇ?”

ಅವನು ನೆಲದ ಮೇಲಿನ ಇರುವೆಯನ್ನು ನೋಡುತ್ತಿದ್ದ. ತಲೆ ಎತ್ತಿ ಕೇಳಿದ:

“ಜೋಕಾಲಿ ಬಿಚ್ಯಾರೇನ್ರಿ?”

ಸತ್ತ ತಮ್ಮನ ಬಗ್ಗೆ ಒಂದು ಮಾತಿಲ್ಲ, ಜೋಕಾಲಿಯ ಚಿಂತೆ. ನಾನು ಹಾಗೆಂದೇ ಬರೆದುಕೊಂಡೆ.

ಅವನ ತಾಯಿ ಹನುಮವ್ವ ಭಾನುವಾರ ಬರುತ್ತಿದ್ದಳು. ಹತ್ತಿ ಹೊಲದ ಕೂಲಿ; ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಮಗ ತಿನ್ನುವುದನ್ನು ನೋಡುತ್ತ ಕೂರುತ್ತಿದ್ದಳು. ಹೊರಡುವಾಗ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದಳು.

“ಮನಿಗಿ ಬಿಡ್ತಾರೇನ್ರಿ ಸಾಯೇಬ್ರ?”

“ಅದು ಕೋರ್ಟಿನ ಕೆಲಸ, ಅಮ್ಮಾ.”

“ಕೋರ್ಟಿಗಿ ಬರಿಯಾವ್ರು ನೀವ ಅಂತಲ್ರಿ. ಆ ಶಾಂತಮ್ಮಾರು ಹೇಳಿದ್ರು.” ಬರಿದಾದ ಬಟ್ಟೆಯನ್ನು ಮಡಚುತ್ತ, “ಸತ್ತಾಂವನೂ ನಮ್ಮ ಮನಿ ಕೂಸ ರೀ. ನಮ್ಮ ನೆಗೆಣ್ಣಿದು. ಒಂದ ಒಲಿ ಮ್ಯಾಲ ಅಡಿಗಿ. ಆಕಿ ಅಳತಾಳ, ನಾ ನೀರು ಕೊಡತೀನಿ. ನಾ ಅಳೂದು ಕಂಡ್ರ ಆಕಿ ಎದ್ದು ಹೋಗತಾಳ. ಯಾರ ಸಲುವಾಗಿ ಅಳ್ಲಿ, ನೀವ ಹೇಳ್ರಿ.”

ಇದನ್ನು ನಾನು ಬರೆದುಕೊಳ್ಳಲಿಲ್ಲ; ನನ್ನ ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇನ್ನು ಆಗಸ್ಟ್ ೧೨. ಮೋಡ ಕವಿದು, ಗಾಳಿ ಬೀಸಿ, ಮಳೆ ಬಾರದೆ ಹೋಗುವ ಬಳ್ಳಾರಿಯ ಶ್ರಾವಣ. ಜಗುಲಿಯಲ್ಲಿ ಹುಡುಗರು ಸಾಲಾಗಿ ಕುಳಿತಿದ್ದರು. ಹೇನಿನ ಕಾಟಕ್ಕೆ ಆ ವಾರ ಎಲ್ಲರ ತಲೆಯನ್ನೂ ಬೋಳಿಸಿದ್ದರು. ಎಲ್ಲರಿಗೂ ಅದೇ ಖಾಕಿ ಚಡ್ಡಿ. ಮಾಸ್ತರರು ಬೋರ್ಡು ಬರೆದು ಉಳಿದ ಬಣ್ಣದ ಪುಡಿಗಳನ್ನು ತಂದು ತೆಂಗಿನ ಚಿಪ್ಪುಗಳಲ್ಲಿ ಕಲಸಿ ಇಟ್ಟರು. ಕೆಂಪೇ ಹೆಚ್ಚಿತ್ತು, ಅಂಗಡಿಗಳವರು ಕೆಂಪು ಅಕ್ಷರಗಳನ್ನೇ ಕೇಳುತ್ತಿದ್ದ ಕಾಲ, ಹಾಗಾಗಿ ಅವರು ಕೊಂಡು ತರುತ್ತಿದ್ದುದೂ ಕೆಂಪನ್ನೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ವರದಿಯಲ್ಲಿ ಬರೆಯಲಿಲ್ಲ.

“ಲೇ, ನಿನ್ನ ಎತ್ತಿಗಿ ಐದು ಕಾಲು ಅದಾವಲ್ಲೋ!”

“ಒಂದು ಬಾಲ ಲೇ, ಕುರುಡ.”

“ಬಾಲ ಮುಂದ ಇರತೈತೇನು?”

“ನಮ್ಮೂರಾಗ ಇರತೈತಿ. ಏನೀಗ?”

ಶಾಂತಮ್ಮನವರು ಕಂಬಕ್ಕೆ ಒರಗಿ, “ಸೊರ್ರಂತ ಬಣ್ಣ ಚೆಲ್ಲಿದ್ರ ನೆಲ ಯಾರು ತಿಕ್ಕಬೇಕು? ಮಾಸ್ತರು ತಿಕ್ತಾರೇನು?” ಎಂದು ಗದರುತ್ತಿದ್ದರು. ಮಾಸ್ತರರು, “ತಿಕ್ತೀನಿ ಬಿಡವ್ವ, ನೀ ಮೊದ್ಲು ಒಂದು ಬಾಳಿಹಣ್ಣು ತಿನ್ನು” ಎಂದರು. ಹುಡುಗರು ನಕ್ಕರು. ಅವರಲ್ಲಿ ಈರಣ್ಣನೂ ನಕ್ಕನೇ? ನೋಡಿದ್ದರೆ ಇಲ್ಲಿ ಬರೆಯಬಹುದಿತ್ತು.

ಮಾಸ್ತರರದು ಒಂದು ಕಟ್ಟುನಿಟ್ಟು. ಚಿತ್ರದ ಮೇಲಾಗಲಿ ಹಿಂದಾಗಲಿ ಯಾರೂ ಹೆಸರು ಬರೆಯಕೂಡದು. ಹೆಸರು ಕಂಡರೆ ಜನ ಹುಡುಗನನ್ನು ನೋಡುತ್ತಾರೆ, ಚಿತ್ರವನ್ನು ನೋಡುವುದಿಲ್ಲ ಎಂಬುದು ಅವರ ನಂಬಿಕೆ. ತಮ್ಮ ಚಿತ್ರಗಳಿಗೂ ಅವರು ಸಹಿ ಹಾಕುತ್ತಿರಲಿಲ್ಲ. ಒಣಗಲು ಹರಡಿದ್ದ ಕಾಗದಗಳ ನಡುವೆ ಒಂದು ನನ್ನನ್ನು ನಿಲ್ಲಿಸಿತು. ಎಡಕ್ಕೆ ದೊಡ್ಡ ಕೆಂಪು ಕಲೆ, ಒಳಗೆ ಕಪ್ಪಾಗುವಷ್ಟು ದಟ್ಟ, ಅದರಿಂದ ಬಲಕ್ಕೆ ಉಗುರಿನಿಂದಲೋ ಕಡ್ಡಿಯಿಂದಲೋ ಎಳೆದ ಉದ್ದನೆಯ ಮೂರು ಗೀರುಗಳು, ಉಳಿದದ್ದೆಲ್ಲ ಖಾಲಿ. ಮಿಕ್ಕ ಹುಡುಗರ ಎತ್ತು, ಬಸ್ಸು, ಬಾವುಟಗಳ ನಡುವೆ ಅದೊಂದೇ ಯಾವುದರ ಚಿತ್ರವೂ ಅಲ್ಲ.

“ಈರಣ್ಣಂದು ಯಾವುದು ಮಾಸ್ತರೇ?”

“ಕೇಳಬ್ಯಾಡ್ರಿ. ನೋಡ್ರಿ.”

ಆಗಸ್ಟ್ ೧೫, ಗುರುವಾರ, ಧ್ವಜವಂದನೆಯಾದ ಮೇಲೆ ಆ ಚಿತ್ರಗಳನ್ನು ಅಂಗಳದಲ್ಲಿ ಪ್ರದರ್ಶಿಸಿದೆವು. ಅದೇ ಸಂಜೆ ಈರಣ್ಣ ತಾನಾಗಿಯೇ ನನ್ನ ಕೋಣೆಗೆ ಬಂದು ಆ ಕೆಂಪು ಚಿತ್ರವನ್ನು ನನ್ನ ಕೈಗೆ ಕೊಟ್ಟ. ಇದನ್ನು ನಾನು ಸ್ಪಷ್ಟವಾಗಿ ಕಾಣಬಲ್ಲೆ: ಬಾಗಿಲಲ್ಲಿ ಬೋಳುತಲೆ, ಹಿಂದೆ ಸಂಜೆಯ ಬಿಸಿಲು, ಚಾಚಿದ ಕೈ, ಅಂಟು ತಾಗಿ ಹರಿದ ಕಾಗದದ ಮೇಲಿನ ಮೂಲೆ. ಅವನೇನೂ ಹೇಳಲಿಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ.

ಮರುವಾರ ವರದಿ ಬರೆದೆ. ಬಾಲಕನಲ್ಲಿ ಪಶ್ಚಾತ್ತಾಪದ ಲಕ್ಷಣ ಕಂಡುಬಂದಿಲ್ಲ. ಅವನ ಚಿತ್ರದಲ್ಲಿ ಹತೋಟಿಗೆ ಸಿಗದ ಹಿಂಸೆಯ ಗುರುತುಗಳಿವೆ. ಈ ಎರಡು ವಾಕ್ಯಗಳಲ್ಲಿ ಎರಡನೆಯದು ಮ್ಯಾಜಿಸ್ಟ್ರೇಟರ ಆದೇಶದಲ್ಲಿ ಅಕ್ಷರಶಃ ಬಂತು. ನನ್ನ ವಾಕ್ಯದಿಂದಲೇ ಅವನನ್ನು ಕಳಿಸಿದರೆಂದು ಹೇಳಲಾರೆ. ಪೊಲೀಸರ ಕಾಗದಗಳಿದ್ದವು, ಊರ ಹಿರಿಯರ ಮಾತುಗಳಿದ್ದವು. ಅಧಿಕ ಮಾಸದ ಕಡೆಯಲ್ಲಿ ಈರಣ್ಣನನ್ನು ದೂರದ ಶಾಲೆಗೆ ಕರೆದೊಯ್ದರು. ಹನುಮವ್ವ ಮುಂದಿನ ಭಾನುವಾರವೂ ರೊಟ್ಟಿ ಕಟ್ಟಿಕೊಂಡು ಬಂದಳು. ಅವಳಿಗೆ ಸುದ್ದಿ ಮುಟ್ಟಿರಲಿಲ್ಲ. ಶಾಂತಮ್ಮನವರು ಹೇಳಿದಾಗ ಅವಳು ಗಂಟನ್ನು ಬಿಚ್ಚಿ, ರೊಟ್ಟಿಗಳನ್ನು ಜಗುಲಿಯಲ್ಲಿದ್ದ ಹುಡುಗರಿಗೆ ಹಂಚಿದಳು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು:

“ಜೋಕಾಲಿ ಹಂಗ ಐತಿ ಅಂತ ಅಂವಗ ಬರದು ತಿಳಸ್ರಿ. ಹಗ್ಗ ಯಾರೂ ಮುಟ್ಟಿಲ್ಲ. ಕೇಳ್ತಿದ್ದ.”

ನಾನು ತಿಳಿಸಲಿಲ್ಲ.

ಹುದ್ದೆಯ ವರ್ಷ ಮುಗಿದಾಗ ಮನಃಶಾಸ್ತ್ರವನ್ನು ಬಿಟ್ಟು ಇತಿಹಾಸಕ್ಕೆ ಬಂದೆ. ಕಲ್ಲಿನ ಮೇಲಿನ ಅಕ್ಷರ ತಪ್ಪಾಗಿ ಓದಿದರೆ ಇನ್ನೊಬ್ಬ ವಿದ್ವಾಂಸ ತಿದ್ದುತ್ತಾನೆ, ಕಲ್ಲಿಗೆ ನೋವಿಲ್ಲ. ಎಂಬತ್ತರ ದಶಕದಲ್ಲಿ ಕುರುಗೋಡಿನ ಶಾಸನಗಳ ಪಡಿಯಚ್ಚು ತೆಗೆಯಲು ಹಲವು ಸಲ ಹೋದೆ. ನಿಲ್ದಾಣದಲ್ಲಿ ಬಾದನಹಟ್ಟಿಯ ಬಸ್ಸು ನಿಂತಿರುತ್ತಿತ್ತು, ಕಂಡಕ್ಟರ್ ಊರ ಹೆಸರು ಕೂಗುತ್ತಿದ್ದ. ನಾನು ಬೆನ್ನು ತಿರುಗಿಸಿ ಚಹಾದ ಅಂಗಡಿಗೆ ನಡೆಯುತ್ತಿದ್ದೆ.

ಆದರೆ ಆ ಕೆಂಪು ಚಿತ್ರವನ್ನು ಬಿಡಲಿಲ್ಲ. ಕಟ್ಟು ಹಾಕಿಸಿ ಸಿರುಗುಪ್ಪದ ಮನೆಯ ಪಡಸಾಲೆಯಲ್ಲಿ ತೂಗುಹಾಕಿದೆ. ಹೆಂಡತಿ ಮೊದಲ ದಿನವೇ ಹೇಳಿದಳು: “ಇದನ್ನ ಉಣ್ಣೂ ಜಾಗದಾಗ ಯಾಕ ಹಾಕೀರಿ? ತುತ್ತು ಇಳಿಯಂಗಿಲ್ಲ.” ನಾನು ನಕ್ಕು, ಹೆಸರಿಡದೆ ನೋಡುವುದನ್ನು ಅವಳಿಗೆ ಬೋಧಿಸಿದೆ. ಬಂದ ಅತಿಥಿಗಳಿಗೂ ಬೋಧಿಸಿದೆ. ಅಮೂರ್ತ ಕಲೆ ನಮ್ಮ ಅವಸರಕ್ಕೆ ಮದ್ದು ಎನ್ನುತ್ತಿದ್ದೆ. ಮಾತಿನ ಕೊನೆಗೆ, ದನಿ ತಗ್ಗಿಸಿ, ಇದನ್ನು ಬರೆದವನು ಕೊಲೆ ಮಾಡಿದ್ದ ಹತ್ತು ವರ್ಷದ ಹುಡುಗ ಎನ್ನುತ್ತಿದ್ದೆ. ಆಗ ಅವರ ಮುಖದಲ್ಲಿ ಆಗುತ್ತಿದ್ದ ಬದಲಾವಣೆಯನ್ನು ನಾನು ಕಾಯುತ್ತಿದ್ದೆ. ಅದರ ರುಚಿ ನನಗೆ ಹತ್ತಿತ್ತು. ಒಂದು ಮನೆಯ ಎರಡು ಕೂಸುಗಳ ಅಳಿವು ನನ್ನ ಪಡಸಾಲೆಯ ಮಾತಿಗೆ ಒಗ್ಗರಣೆಯಾಗಿತ್ತು. ಇದು ಹೀಗೆಯೇ ಇತ್ತು.

ಕೊಲ್ಲುವ ಮಕ್ಕಳ ಬಗ್ಗೆ ಎಷ್ಟೋ ಓದಿದೆ. ಅವರನ್ನು ಹುಟ್ಟು ಕ್ರೂರಿಗಳೆನ್ನುವವರಿದ್ದಾರೆ, ಏನೂ ಅರಿಯದ ಮುಗ್ಧರೆನ್ನುವವರಿದ್ದಾರೆ. ಈಗ ನನಗೆ ತೋರುವುದು, ಎರಡೂ ಹೆಸರಿಟ್ಟು ಮುಖ ತಿರುಗಿಸುವ ಬಗೆಗಳೇ. ಹತ್ತು ವರ್ಷದವನ ಒಳಗೆ ಸಿಟ್ಟೂ ಆಟವೂ ಸಾವೂ ಬೇರೆ ಬೇರೆ ಬಣ್ಣಗಳಾಗಿ ಇನ್ನೂ ಒಣಗಿರುವುದಿಲ್ಲ. ಒಂದು ಇನ್ನೊಂದಕ್ಕೆ ಹರಿದುಕೊಂಡಿರುತ್ತದೆ. ಅದನ್ನು ನೋಡಲು ಬೇಕಾದಷ್ಟು ಹೊತ್ತು ಯಾರಾದರೂ ಕುಳಿತಿದ್ದರೆ! ಕುಳಿತುಕೊಳ್ಳಲೆಂದೇ ನನಗೆ ಸಂಬಳ ಕೊಡುತ್ತಿದ್ದರು.

ಜನವರಿಯ ಆ ದಿನ ವಾಸನೆಯ ಜಾಡು ಹಿಡಿದು ಹಳೆಯ ಮಳಿಗೆಯನ್ನು ಹುಡುಕಿದೆ. ಅಟ್ಟಕ್ಕೆ ಬೀಗ. ಮಾಸ್ತರರು ತೀರಿಹೋಗಿ ವರ್ಷಗಳಾಗಿವೆ. ಅವರ ಮಗಳು ಹಿಂದಿನ ಓಣಿಯಲ್ಲಿದ್ದಾರೆ. ನನ್ನ ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು.

“ಸಿರುಗುಪ್ಪದ ಸಾರ್ ಅಲ್ಲೇನ್ರಿ? ಬರ್ರಿ, ಒಳಗ ಬರ್ರಿ. ನಮ್ಮ ಅಬ್ಬಾ ಭಾಳ ಹೇಳ್ತಿದ್ರು. ನನ್ನ ಚಿತ್ರದ ಮುಂದ ಇಡೀ ಸಂಜಿ ಬಾಯಿ ಮುಚಗಂಡು ಕುಂತ ಮನಶ್ಯಾ ಈ ಊರಾಗ ಅಂವ ಒಬ್ಬನ ಅಂತ.”

ಆ ಹೊಗಳಿಕೆಗೆ ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದುಕೊಂಡರು. ಚಹಾ ಕೊಟ್ಟು, ಪೆಟ್ಟಿಗೆಯಿಂದ ಒಂದು ಫೋಟೋ ತೆಗೆದು, “ನೀವೂ ಅದೀರಿ ಇದ್ರಾಗ, ಇಟ್ಕೊಳ್ರಿ” ಎಂದರು.

ಕಪ್ಪು ಬಿಳುಪಿನ ಚಿತ್ರ. ಹಿಂದೆ ಸ್ಟುಡಿಯೋದ ಮುದ್ರೆ, ಅದರೊಳಗೆ ೧೫-೮-೧೯೭೪. ಅಂಗಳ, ಬಾವುಟದ ಕಂಬ, ಎಡ ತುದಿಯಲ್ಲಿ ಶಾಂತಮ್ಮನವರು, ಬಲ ತುದಿಯಲ್ಲಿ ಮಾಸ್ತರರು ಮತ್ತು ನಾನು. ನಡುವೆ ಬೋಳುತಲೆಯ ಹುಡುಗರ ಸಾಲು, ಎದೆಯ ಮುಂದೆ ಒಂದೊಂದು ಕಾಗದ. ಫೋಟೋದವನು ಬಂದಾಗ ಮಾಸ್ತರರು ಕೂಗಿದ್ದು ನೆನಪಾಯಿತು: “ಹೆಸರು ಬ್ಯಾಡ ಅಂದೀನಿ ಖರೆ, ಆದ್ರ ಇವತ್ತು ತಮ್ತಮ್ಮ ಚಿತ್ರ ತಾವ ಹಿಡಕಂಡು ನಿಂದರ್ರಿ.” ಶಾಸನ ಓದುವ ಮಸೂರವನ್ನು ಹಿಡಿದೆ.

ಎಡಕ್ಕೆ ದೊಡ್ಡ ಕಲೆ, ಬಲಕ್ಕೆ ಮೂರು ಗೀರುಗಳು. ಕೆಂಪು ಇಲ್ಲಿ ಬರಿಯ ಕಪ್ಪು. ಅದನ್ನು ಹಿಡಿದು ಹಲ್ಲು ಬಿಟ್ಟು ನಗುತ್ತಿರುವವನು ಮಾಬು. ಯಾವ ತಪ್ಪನ್ನೂ ಮಾಡದವನು. ತಪ್ಪು ರೈಲು ಹತ್ತಿ, ಸ್ಟೇಷನ್ನಿನಲ್ಲಿ ಅಳುತ್ತ ನಿಂತಿದ್ದಾಗ ಸಿಕ್ಕ ಏಳು ವರ್ಷದ ಹುಡುಗ. ಅವನ ಅಬ್ಬಾ ಬಂದು ಕರೆದೊಯ್ಯುವವರೆಗೆ ಎಲ್ಲರಿಗೂ ಏನಾದರೊಂದು ಕೊಡುತ್ತ ತಿರುಗುತ್ತಿದ್ದ: ಬೆಣಚುಕಲ್ಲು, ಹುಣಸೆ ಬೀಜ. ಬಾಗಿಲಲ್ಲಿ ಸಂಜೆಯ ಬಿಸಿಲಿಗೆ ಬೆನ್ನು ಮಾಡಿ ಕೈ ಚಾಚಿದವನು ಯಾರೆಂಬ ಬಗ್ಗೆ ನನ್ನ ನೆನಪು ಹೇಳುವುದನ್ನು ಈ ಫೋಟೋ ಒಪ್ಪುವುದಿಲ್ಲ.

ಈರಣ್ಣ ಸಾಲಿನ ಕೊನೆಯಲ್ಲಿ, ನನ್ನ ಪಕ್ಕದಲ್ಲೇ ಇದ್ದಾನೆ. ಹುಬ್ಬಿನ ಮೇಲಿನ ಗಾಯದ ಗುರುತಿನಿಂದ ಅವನೇ ಎಂಬುದು ಖಚಿತ. ಅವನ ಕಾಗದದಲ್ಲಿ ಮನೆ, ಬಂಡೆಗಳು, ಒಂದು ಮರ, ಮರದ ಕೆಳಗೆ ಇಬ್ಬರು. ಮರದ ಕೊಂಬೆಯಿಂದ ಅವರಿಬ್ಬರ ನಡುವೆ ಒಂದು ಸಣ್ಣ ಗೆರೆ ಇಳಿದಿದೆ. ಅದು ಅವನು ಎಳೆದ ಹಗ್ಗವೋ, ಹಳೆಯ ಫೋಟೋದ ಮೇಲ್ಮೈ ಬಿರಿದ ಗುರುತೋ, ಬೆಳಕಿಗೆ ಹಿಡಿದು, ಓರೆ ಮಾಡಿ, ದಿನಗಟ್ಟಲೆ ನೋಡಿದ್ದೇನೆ. ತೀರ್ಮಾನಿಸಲು ಆಗಿಲ್ಲ. ಫೋಟೋದಲ್ಲಿ ಮಾಸ್ತರರ ಕಣ್ಣು ಆ ಕಾಗದದ ಮೇಲಿದೆ. ನನ್ನ ಮುಖ ಮಾತ್ರ ಆ ಕಡೆ ಇಲ್ಲ. ಸಾಲಿನ ನಡುವೆ ಮಾಬು ಎತ್ತಿ ಹಿಡಿದ ಕಲೆಯನ್ನು ನೋಡುತ್ತಿದ್ದೇನೆ.